ಕಣ್ಣು ಮುಚ್ಚಿ ಕೂತ ಅರವತ್ತು ಜನ

ಅಮ್ಮಾಜಮ್ಮ ತರಕಾರಿ ಸಿಪ್ಪೆಯ ಬುಟ್ಟಿ ಹೊತ್ತು ಬಂಡೆಯ ಬುಡಕ್ಕೆ ಇಳಿದಾಗ ಬೆಳಗಿನ ಆರೂಕಾಲು. ಹಸುವಿಗೆ ಸುರಿಯಬೇಕು, ಒಲೆಯ ಮೇಲೆ ಗಂಜಿ ಇದೆ, ಬೇಗ ಹೋಗಬೇಕು. ಬುಟ್ಟಿ ಕೈಯಿಂದ ಜಾರಿತು. ಕಲ್ಲುಗಳ ನಡುವೆ ಯಾಮಿನಿ ಬಿದ್ದಿದ್ದಳು. ತೊಂಡೇಬಾವಿಯ ಹುಡುಗಿ, ಬಂಡೆಯ ಮೇಲಿನ ಶಿಬಿರದಲ್ಲಿ ಯೋಗ ಕಲಿಸುತ್ತಿದ್ದವಳು. ಇಪ್ಪತ್ತನಾಲ್ಕು ವರ್ಷ. ತಲೆ ಒಡೆದಿತ್ತು. ಉಸಿರಿರಲಿಲ್ಲ.

"ಅಯ್ಯೋ ದೇವುಡಾ!"

ಅಡುಗೆಯ ಅಮ್ಮಾಜಮ್ಮ ಏದುಸಿರು ಬಿಡುತ್ತ ಮೇಲೆ ಓಡಿದಳು. ಬಂಡೆಯ ಮೇಲೆ ಬಿಳಿ ಬಟ್ಟೆ ತೊಟ್ಟ ಅರವತ್ತು ಜನ ಸೂರ್ಯನಮಸ್ಕಾರ ಹಾಕುತ್ತಿದ್ದರು. ಜೂನ್ ಇಪ್ಪತ್ತೊಂದು, ವರ್ಷದ ಅತಿ ದೊಡ್ಡ ಹಗಲು. ನೂರೆಂಟು ನಮಸ್ಕಾರದ ಸಂಕಲ್ಪ. ಸುದ್ದಿ ಕೇಳಿದ ಗುರೂಜಿ ರಮೇಶ್‌ಬಾಬು ಒಂದು ಕ್ಷಣ ಕಣ್ಣು ಮುಚ್ಚಿದರು. ಆಮೇಲೆ ಶಿಷ್ಯರಿಗೆ ಕೈಸನ್ನೆ ಮಾಡಿದರು, ಮುಂದುವರಿಸಿ ಎಂದು.

ಪೊಲೀಸರಿಗೆ ಫೋನ್ ಮಾಡಿದ್ದೂ ಅಡುಗೆಯವಳೇ. ಜೀಪು ಗುಡ್ಡ ಹತ್ತಿದಾಗಲೂ ನಮಸ್ಕಾರ ನಡೆದೇ ಇತ್ತು. ಪುಣ್ಯ ಸಂಪಾದನೆ ಅರ್ಧಕ್ಕೆ ನಿಲ್ಲಬಾರದಲ್ಲ!

*

ಸಬ್ ಇನ್ಸ್‌ಪೆಕ್ಟರ್ ಸಂಘಮಿತ್ರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದಳು. "ಯಾರಾದ್ರೂ ನೋಡಿದ್ರಾ?"

ಅರವತ್ತು ಜನ ಕೈ ಮುಗಿದರು. ಒಬ್ಬರೂ ಬಾಯಿ ಬಿಡಲಿಲ್ಲ. ಅವಳಿಗೆ ಮೈ ಉರಿಯಿತು.

"ನಿನ್ನೆ ಸಂಜೆಯಿಂದ ಮೌನ ತಾಯಿ," ಎಂದರು ಗುರೂಜಿ. "ನಮಸ್ಕಾರ ಆದ್ಮೇಲೆ ಮುಗೀಬೇಕಿತ್ತು. ಯಾಮಿನಿ ಆತ್ಮಶಾಂತಿಗೆ ಸಂಜೆವರೆಗೂ ಮುಂದುವರ್ಸಿದ್ದೀನಿ. ಐದೂವರೆಯಿಂದ ಆರರವರೆಗೂ ಎಲ್ಲರೂ ಕಣ್ಣು ಮುಚ್ಚಿ ಕೂತಿದ್ರು."

"ನೀವು?"

"ನಾನು ಇವರನ್ನ ನೋಡ್ಕೋಬೇಕಲ್ಲ. ಐದೂಮುಕ್ಕಾಲಿಗೆ ರೇಷ್ಮೆ ಹುಳು ಸಾಕೋ ಮುನೇಶ ಬಂದ. ಅವನ ತೋಟ ಗುಡ್ಡದ ಆ ಕಡೆ, ಹುಳುಮನೆ ಈ ಕಡೆ. ದಿನಾ ಸೊಪ್ಪಿನ ಹೊರೆ ಹೊತ್ಕೊಂಡು ಇದೇ ದಾರೀಲಿ ಹೋಗ್ತಾನೆ. ಯಾಮಿನಿ ಅಂಚಲ್ಲಿ ನಿಂತಿದ್ಲು. ನಾನು ಒಳಗಿಂದ ಧ್ಯಾನ ಮುಗಿಸೋ ಗಂಟೆ ತರೋಷ್ಟರಲ್ಲಿ ಇಬ್ರೂ ಇರ್ಲಿಲ್ಲ."

ಬಂಡೆಯ ಅಂಚಿನಲ್ಲಿ ರೇಷ್ಮೆ ಸೊಪ್ಪಿನ ಕಡ್ಡಿಗಳು ಚೆಲ್ಲಾಡಿದ್ದವು. ಸಂಘಮಿತ್ರ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ ಚೀಲಕ್ಕೆ ಹಾಕಿದಳು.

"ಇನ್ನೇನು ಬೇಕು ಮೇಡಂ?" ಎಂದ ಕಾನ್ಸ್‌ಟೇಬಲ್ ಕೆಂಪರಾಜು. "ಶಿಬಿರದೋರು ಹೊಡೆದ ಸೊಳ್ಳೆ ಔಷಧಿ ಹೊಗೆಗೆ ಹೋದ ತಿಂಗಳು ಇವನ ಹುಳುವೆಲ್ಲ ಸತ್ವು. ಗೇಟಿನ ಹತ್ರ ನಿಂತು, 'ನಿಮ್ಮಲ್ಲೂ ಒಂದು ಹೆಣ ಬೀಳ್ಲಿ' ಅಂತ ಕಿರುಚಿದ್ದ."

ಬಡವನ ಕೋಪ ದವಡೆಗೆ ಮೂಲ. ಅರ್ಧ ಗಂಟೆಯಲ್ಲಿ ಮುನೇಶನನ್ನು ಅರವತ್ತು ಜನರ ಎದುರಿಗೇ ಎಳೆದು ತಂದು ಜೀಪಿಗೆ ಹತ್ತಿಸಿದರು. ಮೇಲಿನ ಸಾಹೇಬರ ಫೋನೂ ಬಂತು. "ಮಧ್ಯಾಹ್ನದೊಳಗೆ ಮುಗ್ಸಮ್ಮ. ಟಿವಿಯವರು ಬರ್ತಾರೆ."

"ನಾನು ಗುಡ್ಡ ಹತ್ತೇ ಇಲ್ಲ ಮೇಡಮ್ಮೋರೇ," ಮುನೇಶ ಅಂಗಲಾಚಿದ. "ಮಲಗಿದ್ದೆ. ನಾಳೆ ಹುಳು ಏಳ್ತವೆ. ನಾನಿಲ್ದಿದ್ರೆ ಸೊಪ್ಪು ಹಾಕೋರಿಲ್ಲ. ಈ ಬೆಳೇನೂ ಹೋದ್ರೆ ನಮ್ಮಮ್ಮನ್ನ ಏನು ಮಾಡ್ಲಿ?"

ಸಂಘಮಿತ್ರ ತಲೆ ಎತ್ತಿದಳು. "ಏನಂದೆ? ನಾಳೆ ಏಳ್ತವಾ?"

*

ಹುಳುಮನೆಯ ಬಾಗಿಲಲ್ಲಿ ಮುನೇಶನ ತಾಯಿ ಕದಿರಮ್ಮ ಅಳುತ್ತ ಕೂತಿದ್ದಳು. ಒಳಗೆ ಸದ್ದೇ ಇರಲಿಲ್ಲ. ಹುಳುಗಳು ತಲೆ ಎತ್ತಿ ಅಲ್ಲಾಡದೆ ನಿಂತಿದ್ದವು. ಮೇಲೆ ಸುಣ್ಣದ ಪುಡಿ.

"ನಾಲ್ಕನೇ ಜ್ವರ ಕಣಮ್ಮ. ಪೊರೆ ಬಿಡೋ ಹೊತ್ತು. ನಿನ್ನೆ ಮಧ್ಯಾಹ್ನವೇ ಸೊಪ್ಪು ನಿಲ್ಸಿದ್ವಿ, ಇನ್ನು ನಾಳೆ ಎದ್ದ ಮೇಲೇ ತಿನ್ನೋದು."

ಸಂಘಮಿತ್ರಳಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಕೆಂಚಾರ್ಲಹಳ್ಳಿಯಲ್ಲಿ ಅವಳ ಅಮ್ಮ ಇಪ್ಪತ್ತು ವರ್ಷ ಊರಿನವರ ತೋಟಗಳಲ್ಲಿ ಸೊಪ್ಪು ಕೊಯ್ದವಳು. ಹುಳು ಜ್ವರಕ್ಕೆ ಹೋದ ದಿನ ಅಮ್ಮನಿಗೆ ಕೂಲಿ ಇರುತ್ತಿರಲಿಲ್ಲ. ಅಮ್ಮನ ಕೈ ಎಲ್ಲರಿಗೂ ಬೇಕಿತ್ತು, ಹೊಸ್ತಿಲು ದಾಟಿ ಒಳಗೆ ಬಾ ಅನ್ನುವವರು ಮಾತ್ರ ಇರಲಿಲ್ಲ. ಆ ಸಿಟ್ಟು ಮಗಳಲ್ಲಿ ಇವತ್ತಿಗೂ ಆರಿಲ್ಲ.

*

ಅಡುಗೆಮನೆಯಲ್ಲಿ ಅಮ್ಮಾಜಮ್ಮ ಪಿಸುಗುಟ್ಟಿದಳು. "ನಂಗೇನು ಮೌನ ಇಲ್ಲಮ್ಮ, ಕೇಳಿ. ಹೋದ ಶಿಬಿರದಾಗೆ ಗೌರಿಬಿದನೂರಿನ ಮೇಷ್ಟ್ರೊಬ್ರು ಉಪವಾಸ ಮಾಡಿ ಕುಸಿದು ಬಿದ್ರು. ಆಂಬುಲೆನ್ಸ್ ಕರೀರಿ ಅಂತ ಈ ಹುಡುಗಿ ಕಾಲು ಹಿಡ್ಕೊಂಡ್ಲು. ಗುರೂಜಿ ಕರೀಲಿಲ್ಲ. ಇಲ್ಲೇ ಪ್ರಾಣ ಹೋಯ್ತು. ಕಾರಿಗೆ ಹಾಕ್ಕೊಂಡು ಹೋಗಿ, ದಾರೀಲಿ ಸತ್ರು ಅಂದ್ರು. ನಿನ್ನೆ ಯಾಮಿನಿ ಅವರ ಮುಖಕ್ಕೇ ಹೇಳಿದ್ಲು, ಬೆಳಿಗ್ಗೆ ಮೌನ ಮುಗೀತಿದ್ದಂಗೆ ಎಲ್ಲರ ಮುಂದೆ ಹೇಳ್ಬಿಡ್ತೀನಿ ಅಂತ."

*

ಸಂಘಮಿತ್ರ ಮತ್ತೆ ಬಂಡೆ ಹತ್ತಿದಳು. ಮುನೇಶನನ್ನೂ ಜೀಪಿನಿಂದ ಇಳಿಸಿ ಕರೆಸಿದಳು.

"ಗುರೂಜಿ, ಮುನೇಶ ಸೊಪ್ಪು ಹೊತ್ಕೊಂಡು ಬಂದಿದ್ದು ಖಂಡಿತಾನಾ?"

"ನನ್ನ ಕಣ್ಣಾರೆ ಕಂಡೆ ತಾಯಿ."

"ಅವನ ಹುಳು ನಿನ್ನೆ ಮಧ್ಯಾಹ್ನದಿಂದ ಜ್ವರದಲ್ಲಿವೆ. ಆಗ ಎಲೆ ಮುಟ್ಟಲ್ಲ. ತಿನ್ನೋರಿಲ್ದೆ ಇರುವಾಗ ಯಾವ ರೈತ ಹೊರೆ ಕೊಯ್ದು ಬಾಡಿಸ್ತಾನೆ? ನೀವು ದಿನಾ ನೋಡಿದ್ದನ್ನೇ ಇವತ್ತೂ ನೋಡಿದೆ ಅಂದ್ರಿ. ದಿನಾ ನೋಡಿದ್ರಿ, ಒಂದು ದಿನಾನೂ ಅವನನ್ನ ಏನಪ್ಪಾ ಅಂತ ಮಾತಾಡ್ಸಿಲ್ಲ."

"ಹಾಗಾದ್ರೆ ಆ ಕಡ್ಡಿಗಳು?"

"ರೈತ ಕುಡುಗೋಲಲ್ಲಿ ಕೊಯ್ತಾನೆ. ಇವನ್ನ ಕೈಯಲ್ಲಿ ಮುರಿದಿದ್ದಾರೆ, ತುದಿ ಸಿಗಿದಿದೆ. ಮುರಿದ್ರೆ ಹಾಲು ಒಸರುತ್ತೆ. ಅಂಟಿದ್ರೆ ಬೆರಳು ಕಪ್ಪಾಗುತ್ತೆ, ನೀರಲ್ಲಿ ತೊಳೆದ್ರೆ ಹೋಗಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ರಮೇಶ್‌ಬಾಬು ಬಲಗೈಯನ್ನು ಶಾಲಿನೊಳಗೆ ಎಳೆದುಕೊಂಡ. ಕೆಂಪರಾಜು ಶಾಲು ಸರಿಸಿ ಕೈ ಹಿಡಿದೆತ್ತಿದ. ಹೆಬ್ಬೆರಳು, ತೋರುಬೆರಳು ಕಪ್ಪು ಕಪ್ಪಾಗಿದ್ದವು.

"ಮೇಷ್ಟ್ರ ಸಾವಿನ ಸುದ್ದಿ ಹೊರಗೆ ಬರಬಾರದಿತ್ತು," ಎಂದಳು ಸಂಘಮಿತ್ರ. "ಮೌನ ಮುಗಿಯೋಕೆ ಮುಂಚೆ ಯಾಮಿನಿ ಸಾಯ್ಬೇಕಿತ್ತು. ಅಷ್ಟು ಜನರ ನಡುವೆ ಕಣ್ಣು ಬಿಟ್ಕೊಂಡಿದ್ದವನು ನೀನೊಬ್ಬನೇ. ತಳ್ಳಿದೆ. ಮೊದಲೇ ಅವನ ತೋಟದಿಂದ ಮುರಿದು ತಂದಿದ್ದ ಸೊಪ್ಪು ಚೆಲ್ಲಿದೆ. ಜಗಳ ಆಡಿದ ಬಡವ ಹೇಗಿದ್ರೂ ಸಿದ್ಧವಾಗಿದ್ದ."

ರಮೇಶ್‌ಬಾಬು ತಲೆ ತಗ್ಗಿಸಿದ. "ಅವಳು ಕೇಳ್ಲಿಲ್ಲ," ಎಂದ. "ಎಷ್ಟು ಹೇಳಿದ್ರೂ ಕೇಳ್ಲಿಲ್ಲ."

ಮುಂದಿನ ಸಾಲಿನಲ್ಲಿದ್ದ ಬ್ಯಾಂಕ್ ಉದ್ಯೋಗಿ ಕವಿತ ಗಳಗಳನೆ ಅತ್ತುಬಿಟ್ಟಳು.

"ನಮಗೆ ಕೇಳಿಸ್ತು ಮೇಡಂ. ಅವಳು ಕೂಗಿದ್ಲು. ಏನೇ ಶಬ್ದ ಬಂದ್ರೂ ಕಣ್ಣು ತೆಗೀಬೇಡಿ, ಅದೆಲ್ಲ ಮನಸ್ಸಿನ ಆಟ ಅಂತ ಇವತ್ತೇ ಗುರೂಜಿ ಹೇಳಿದ್ರು."

"ಏನಂತ ಕೂಗಿದ್ಲು?"

ಕವಿತ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹಿಂದಿನಿಂದ ಯಾರೋ ಸಣ್ಣ ದನಿಯಲ್ಲಿ ಹೇಳಿದರು.

"'ಬೇಡ ಗುರೂಜಿ' ಅಂತ."

  ಆಗ ಮಾತಾಡಿದವನು ಮುನೇಶ. ದನಿ ಎತ್ತರಿಸಲೂ ಇಲ್ಲ.

"ಆ ಹುಡುಗಿ ಕೂಗಿದಾಗ ಕಣ್ಣು ಮುಚ್ಚಿದ್ರಿ, ಸರಿ ಕಣಮ್ಮ. ನನ್ನನ್ನ ಜೀಪಿಗೆ ಹತ್ತಿಸುವಾಗ ಎಲ್ರೂ ಕಣ್ಣು ಬಿಟ್ಕೊಂಡೇ ನಿಂತಿದ್ರಲ್ಲ?"