ಲಕ್ಷ್ಮೀದೇವಿಯ ಕೂದಲು

ನೇತ್ರಾವತಿಗೆ ಸಿಟ್ಟು ಬಂದದ್ದು ತನ್ನ ಪಾರ್ಲರಿನ ಕೆಲಸದ ಹುಡುಗಿ ಧನುಶ್ರೀಯ ಕೆಮ್ಮಿನ ಮೇಲಲ್ಲ, ಆ ಕೆಮ್ಮನ್ನು ಅವಳು ಡಾಕ್ಟರಿಗೆ ತೋರಿಸಿದ್ದರ ಮೇಲೆ. ತೋರಿಸಿದ್ದೂ ಹೋಗಲಿ, ಏನು ಕೆಲಸ ಎಂದು ಅವರು ಕೇಳಿದಾಗ ಎಲ್ಲವನ್ನೂ ಹೇಳಿಬಿಟ್ಟಿದ್ದಳು, ಹುಚ್ಚು ಹುಡುಗಿ. ಬ್ಯೂಟಿ ಪಾರ್ಲರಿನ ಗಾಳಿಯಲ್ಲಿರುವ ಕೆಮಿಕಲ್ಲೇ ಇವಳ ಎದೆ ಕೆಡಿಸಿದೆ ಎಂದು ಡಾಕ್ಟರು ಕಾರ್ಮಿಕ ಇಲಾಖೆಗೆ ದೂರು ಬರೆದರು. ಈಗ ದಾವಣಗೆರೆಯಿಂದ ತಪಾಸಣೆಗೆ ಬರುತ್ತಾರಂತೆ. ನ್ಯಾಮತಿ ತಾಲ್ಲೂಕು ಕೇಂದ್ರವಾದ ಮೇಲೆ ಕುದುರಿಕೊಂಡ ಪಾರ್ಲರಿಗೆ ಬೀಗ ಬಿದ್ದರೆ ನೇತ್ರಾವತಿ ಬೀದಿಗೆ ಬರುತ್ತಾಳೆ.

ಡಾಕ್ಟರು ಬರೆದದ್ದು ಸುಳ್ಳಲ್ಲ. ಕೂದಲು ನೆಟ್ಟಗೆ ಮಾಡಲು ಅವಳು ಬಳಸುತ್ತಿದ್ದುದು ಹೆಸರಿಲ್ಲದ ಕ್ಯಾನಿನಲ್ಲಿ ಬರುವ ಔಷಧಿ. ಹೆಣ ಕೆಡದಂತೆ ಇಡುವ ಫಾರ್ಮಾಲಿನ್ನೇ ಅದರಲ್ಲಿ ಜಾಸ್ತಿ. ಕಿಟಕಿ ತೆಗೆದಿಡಿ ಎಂದು ಮಾರುವವನು ಹೇಳಿದ್ದ. ಎ.ಸಿ. ತಂಪು ಹೋಗುತ್ತದೆಂದು ಇವಳು ಕಿಟಕಿಗೆ ಪ್ಲೈವುಡ್ ಹೊಡೆಸಿದ್ದಳು. ತಾನು ಮಾತ್ರ ಗಾಜಿನ ಬಾಗಿಲ ಈಚೆ ಕೂತು, ಒಳಗೆ ಕೂದಲಿಗೆ ಬಿಸಿ ಇಸ್ತ್ರಿ ಎಳೆಯಲು ಧನುಶ್ರೀಯನ್ನು ಬಿಡುತ್ತಿದ್ದಳು. ಸವಳಂಗದಿಂದ ಬಸ್ಸಿಗೆ ಬರುವ ಆ ಹುಡುಗಿ ಈಗೀಗ ಮೆಟ್ಟಿಲ ನಡುವೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. ಆ ಸದ್ದು ಕೇಳಿದಾಗೆಲ್ಲ ನೇತ್ರಾವತಿ ಟಿ.ವಿ. ಸದ್ದು ಜಾಸ್ತಿ ಮಾಡುತ್ತಿದ್ದಳು.

ಆದರೂ ಅವಳ ತಲೆ ಚುರುಕಾಗಿ ಓಡಿತು. ಕ್ಯಾನನ್ನು ಸ್ಕೂಟರಿನಲ್ಲಿ ಹೊನ್ನಾಳಿಗೆ ಒಯ್ದು ಸೇತುವೆ ಮೇಲಿಂದ ಹೊಳೆಗೆ ಹಾಕಿದಳು. ಪ್ಲೈವುಡ್ ಕೀಳಿಸಿ ಫ್ಯಾನ್ ಕೂರಿಸಿದಳು. ಟವೆಲ್ಲು, ಬಾಚಣಿಗೆ, ಬ್ರಷ್ಷು, ಇಸ್ತ್ರಿ, ಕೊನೆಗೆ ಗೋಡೆಯನ್ನೂ ಉಜ್ಜಿ ತೊಳೆಸಿದಳು. ಘಾಟಿಲ್ಲದ ದುಬಾರಿ ಕ್ರೀಮು ತಂದು ಕಪಾಟಿನಲ್ಲಿ ಸಾಲಾಗಿ ಇಟ್ಟಳು.

ಕಷ್ಟದ ಕೆಲಸವೆಂದರೆ ಧನುಶ್ರೀಯನ್ನು ಒಪ್ಪಿಸುವುದು. "ಸಣ್ಣೋಳಿದ್ದಾಗಿಂದ ಉಬ್ಬಸ ಐತೆ ಅಂತ ಹೇಳು ಸಾಕು," ಎಂದಳು ನೇತ್ರಾವತಿ. "ನಿನ್ನ ಕೆಲ್ಸ ಎಲ್ಲೂ ಹೋಗಲ್ಲ."

ಹುಡುಗಿ ಕೈಯಲ್ಲಿದ್ದ ಬ್ರಷ್ಷು ಕೆಳಗಿಟ್ಟಳು. "ನಂಗೇನು ಉಬ್ಬಸ ಇರ್ಲಿಲ್ಲ ಅಕ್ಕ."

"ಗೊತ್ತು ಕಣೆ."

"ಆಯ್ತಕ್ಕ, ಹಂಗೇ ಹೇಳ್ತೀನಿ."

ಬೈದು ಜಗಳ ಆಡಿದ್ದರೆ ಚೆನ್ನಾಗಿತ್ತು. ಆ 'ಆಯ್ತಕ್ಕ' ನೇತ್ರಾವತಿಗೆ ಮರೆಯಲಾಗಲಿಲ್ಲ.

ಉಳಿದದ್ದು ಒಂದೇ ತೊಡಕು. ಹೊಸ ಕ್ರೀಮಿಗೆ ಗುಂಗುರು ಕೂದಲು ಜಗ್ಗುವುದಿಲ್ಲ. ಇದರಿಂದ ಕೂದಲು ನೆಟ್ಟಗಾಗುತ್ತಾ, ಮಾಡಿ ತೋರಿಸಿ ಎಂದು ತಪಾಸಣೆಗೆ ಬಂದವರು ಕೇಳಿದರೆ? ಅದಕ್ಕೂ ಅವಳಲ್ಲಿ ಉಪಾಯವಿತ್ತು. ಆ ಕ್ಯಾನಿನ ಕೊನೆಯ ಗಿರಾಕಿ ಪಕ್ಕದ ಬಟ್ಟೆ ಅಂಗಡಿಯ ಲಕ್ಷ್ಮೀದೇವಿ. ಅವಳ ಕೂದಲು ಮೊನ್ನೆಯೇ ನೆಟ್ಟಗಾಗಿತ್ತು. ಇನ್ನೊಂದು ಸಲ ಪುಕ್ಕಟೆ ಮಾಡಿಕೊಡ್ತೀನಿ, ಸೆರಗು ಹೊದ್ದು ಬಾ ಎಂದರೆ ಸಾಕು, ಕೂದಲು ಮೊದಲೇ ನೆಟ್ಟಗಿರುವುದು ಅವರಿಗೆ ಕಾಣುವುದಿಲ್ಲ. ಕ್ರೀಮು ಸವರಿ ಇಸ್ತ್ರಿ ಎಳೆದರೆ ನೆಟ್ಟಗಿನ ಕೂದಲು ನೆಟ್ಟಗೇ ಕಾಣುತ್ತದೆ. ಇದು ಹೊಳೆದಾಗ ನೇತ್ರಾವತಿಗೆ ತನ್ನ ಬಗ್ಗೆ ತನಗೇ ಮೆಚ್ಚುಗೆಯಾಯಿತು.

ಅಧಿಕಾರಿ ಅರುಣಾ ಬಂದರು. ಫ್ಯಾನ್ ನೋಡಿದರು, ಕ್ರೀಮು ಮೂಸಿದರು. ಧನುಶ್ರೀ ತಲೆ ಎತ್ತದೆ ಹೇಳಬೇಕಾದ್ದನ್ನು ಹೇಳಿದಳು. ನಡುವೆ ಕೆಮ್ಮು ಬಂದು ಎರಡು ಸಲ ನಿಲ್ಲಿಸಿದಳು. ಅರುಣಾ ಅವಳನ್ನೇ ನೋಡುತ್ತ, "ಹಂಗಾದ್ರೆ ಈ ಕೆಲಸದಿಂದ ಬಂದಿದ್ದಲ್ಲ ಅಂತ ಬರೀತೀನಮ್ಮ," ಎಂದರು. ಚಿಕಿತ್ಸೆಗೆ ಪರಿಹಾರ ಕೇಳುವ ದಾರಿ ಅಲ್ಲಿಗೆ ಮುಚ್ಚಿತು. ನೇತ್ರಾವತಿಗೆ ನಿಜ ಹೇಳಿಬಿಡಬೇಕೆನ್ನಿಸಿತು. ಆದರೂ ಇಸ್ತ್ರಿಯ ಸ್ವಿಚ್ಚು ಹಾಕಿ, "ನಾನೇ ಮಾಡಿ ತೋರಿಸ್ತೀನಿ ಬರ್ರಿ ಮೇಡಂ," ಎಂದಳು.

ಸೆರಗು ಹೊದ್ದು ಬಂದಿದ್ದ ಲಕ್ಷ್ಮೀದೇವಿಯನ್ನು ಕೂರಿಸಿ, ಎಷ್ಟೋ ಕಾಲದ ಮೇಲೆ ಅವಳು ಆ ಕುರ್ಚಿಯ ಹಿಂದೆ ನಿಂತಳು. ಕ್ರೀಮು ಸವರಿ ಬಿಸಿ ಇಸ್ತ್ರಿ ಎಳೆದಳು. ಹೊಗೆ ಏಳುವ ಮೊದಲೇ ಧನುಶ್ರೀ ರೂಢಿಯಂತೆ ಮುಖ ತಿರುಗಿಸಿದ್ದಳು. ಬೆಳ್ಳಗೆ ಎದ್ದ ಹೊಗೆ ನೇತ್ರಾವತಿಯ ಕಣ್ಣಿಗೆ ಖಾರದಂತೆ ಬಡಿದು ಗಂಟಲು ಹಿಡಿಯಿತು. ಅರುಣಾ ಕೆಮ್ಮುತ್ತ ಮೂಗಿಗೆ ಕರವಸ್ತ್ರ ಒತ್ತಿದರು. "ಏನ್ರೀ ಇದು? ಯಾವ ಔಷಧಿ ಹಾಕಿದ್ರಿ ಇವ್ರ ತಲೆಗೆ?" ಹೊಸ ಕ್ರೀಮು, ತೊಳೆದ ಇಸ್ತ್ರಿ, ತಿರುಗುವ ಫ್ಯಾನು, ಎಲ್ಲಿ ತಪ್ಪಿತೆಂದು ನೇತ್ರಾವತಿ ಉಸಿರಿಲ್ಲದೆ ಹುಡುಕುತ್ತಿದ್ದಾಗ, ಲಕ್ಷ್ಮೀದೇವಿ ನೀರು ಸುರಿಯುವ ಕಣ್ಣು ಒರೆಸಿಕೊಳ್ಳುತ್ತ ತನ್ನದೇನಾದರೂ ತಪ್ಪಾಯಿತೇ ಎಂಬಂತೆ ಗಾಬರಿಯಿಂದ ಅಂದಳು: "ನಾನೇನೂ ಕೆಡಿಸಿಲ್ಲ ನೇತ್ರಕ್ಕ, ಮೊನ್ನೆ ನೀವು ಆ ಔಷಧಿ ಹಾಕಿಸಿ ತೊಳೀಬೇಡ ಅಂತ ಹೇಳಿದ್ರಲ್ಲ, ಹಂಗೇ ತಲೆಗೆ ಒಂದು ಹನಿ ನೀರೂ ತಾಗಿಸಿಲ್ಲ."