ತುಕ್ಕು ಕೈ

ಮಾಕಳಿಯ ಒಂದು ವರ್ಕ್‌ಶಾಪಿನ ಶಟರ್ ಬೆಳಿಗ್ಗೆ ಎತ್ತಿದಾಗ ಸ್ಟೋರ್‌ಕೀಪರ್ ಶ್ಯಾಮಣ್ಣ ಗ್ರೈಂಡಿಂಗ್ ಮಷಿನ್ ಪಕ್ಕ ಸತ್ತು ಬಿದ್ದಿದ್ದರು. ತಲೆಗೆ ಒಂದೇ ಪೆಟ್ಟು. ಪಕ್ಕದಲ್ಲಿ ಮೊಳದುದ್ದದ ಉಕ್ಕಿನ ಶಾಫ್ಟ್ ಫಳಫಳ ಹೊಳೆಯುತ್ತಿತ್ತು. ಕೊಂದವನು ಅದನ್ನು ಚೊಕ್ಕವಾಗಿ ಒರೆಸಿಟ್ಟು ಹೋಗಿದ್ದ. ಬೆರಳಚ್ಚಿನವರು ಕೈಬೀಸಿಕೊಂಡು ವಾಪಸಾದರು.

ಸಂಜೆಯೊಳಗೆ ಸಬ್ ಇನ್‌ಸ್ಪೆಕ್ಟರ್ ಶಶಿಕಲಾ ಕೆಲಸಗಾರ ಹಣಮಂತನನ್ನು ಹಿಡಿದು ತಂದಳು. ಶಾಫ್ಟ್ ಗ್ರೈಂಡ್ ಮಾಡಿದ್ದು ಅವನು. ಹೊಸ ಗ್ಲೌಸ್ ಕೊಡಲಿಲ್ಲವೆಂದು ಶ್ಯಾಮಣ್ಣನ ಜೊತೆ ಜಗಳವಾಡಿದ್ದೂ ಅವನೇ. ಸೂಪರ್‌ವೈಸರ್ ವಸಂತ್ ಇದನ್ನೆಲ್ಲ ಕೇಳುವ ಮೊದಲೇ ಹೇಳಿದ. ತಾನು ಮಾತ್ರ ಹಿಂದಿನ ಸಂಜೆ ಆರಕ್ಕೇ ಹೊರಟೆ, ಆ ಶಾಫ್ಟನ್ನು ಕಣ್ಣಲ್ಲೂ ನೋಡಿಲ್ಲ ಎಂದ.

ಕೇಸು ತೀರಾ ಸಲೀಸಾಗಿತ್ತು. ಶಶಿಕಲಾಗೆ ಅದೇ ಕಿರಿಕಿರಿ.

*

ಮೂರನೇ ದಿನ ಶಶಿಕಲಾ ಸಾಕ್ಷ್ಯದ ಕವರಿನಿಂದ ಶಾಫ್ಟ್ ತೆಗೆದಳು. ಉಕ್ಕಿನ ತುಂಬ ಕೆಂಪು ಕಲೆ. ಸಾಕ್ಷ್ಯ ಹಾಳು ಮಾಡಿದಿರಿ ಎಂದು ಕಾನ್‌ಸ್ಟೆಬಲ್‌ಗೆ ಚೆನ್ನಾಗಿ ಉಗಿದಳು.

ತಮ್ಮನಿಗೆ ಬುತ್ತಿ ತಂದಿದ್ದ ಹಣಮಂತನ ಅಕ್ಕ ಬಸಕ್ಕ ಠಾಣೆಯ ಬಾಗಿಲಲ್ಲೇ ನಿಂತಿದ್ದಳು. ಅದೇ ಶಾಪಿನಲ್ಲಿ ಎಂಟು ವರ್ಷದಿಂದ ತಯಾರಾದ ಪೀಸುಗಳಿಗೆ ತುಕ್ಕು ಹಿಡಿಯದಂತೆ ಎಣ್ಣೆ ಹಚ್ಚಿ ಕಾಗದ ಸುತ್ತುವವಳು.

"ಕೆಟ್ಟಿಲ್ರಿ ಮೇಡಂ. ಸರಿ ನೋಡ್ರಿ, ಬೆರಳು ಮೂಡ್ಯಾವ."

ಹೌದು. ನಾಲ್ಕು ಬೆರಳು, ಒಂದು ಹೆಬ್ಬೆರಳು.

ಕೆಲವರ ಬೆವರು ಉಕ್ಕಿಗೆ ಆಗುವುದಿಲ್ಲ, ಅವರು ಮುಟ್ಟಿದ್ದು ಮರುದಿನವೇ ಕೆಂಪಗಾಗುತ್ತದೆ, ಶಾಪಿನಲ್ಲಿ ಅದಕ್ಕೆ ತುಕ್ಕು ಕೈ ಅನ್ನುತ್ತಾರೆ ಎಂದು ಬಸಕ್ಕ ವಿವರಿಸಿದಳು. ಹಣಮಂತನದು ಒಣ ಕೈ. ಬರಿಗೈಲಿ ಹಿಡಿದರೂ ಏನೂ ಆಗದು.

"ಮತ್ತೆ ಇದು ಯಾರ ಕೈ?"

ಬಸಕ್ಕ ತಲೆ ತಗ್ಗಿಸಿದಳು. ಹೆಸರು ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ತಮ್ಮ ಹೋಗುತ್ತಾನೆ.

"ಎಲ್ಲಾರ ಕೈಯಾಗೂ ಒಂದೊಂದು ಪೀಸು ಕೊಟ್ಟು ನೋಡ್ರಿ. ಉಕ್ಕs ಹೇಳತೈತಿ."

*

ಎಣ್ಣೆ ಒರೆಸಿ ತೆಗೆದ ಉಕ್ಕಿನ ಪಿನ್ನುಗಳನ್ನು ಹಣಮಂತನೂ ಸೇರಿ ಶಾಪಿನ ಏಳು ಜನ ಹಿಡಿದರು. ಶಶಿಕಲಾ ಹೆಸರಿನ ಚೀಟಿ ಹಚ್ಚಿ ಕವರಿಗೆ ಹಾಕಿದಳು. ಮರುದಿನ ಎಲ್ಲರೆದುರೇ ಬಿಚ್ಚಿದಳು. ಆರು ಹೊಳೆಯುತ್ತಿದ್ದವು. ಕೆಂಪಗಾದ ಏಳನೆಯದರ ಚೀಟಿಯಲ್ಲಿ ವಸಂತ್ ಹೆಸರಿತ್ತು.

"ಆ ಶಾಫ್ಟನ್ನ ಚೆಕ್ ಮಾಡೋವಾಗ ಮುಟ್ಟಿರ್ತೀನಿ ಮೇಡಂ."

"ಕಣ್ಣಲ್ಲೂ ನೋಡಿಲ್ಲ ಅಂದಿದ್ರಲ್ಲ?"

ಶಶಿಕಲಾ ಒಂದೊಂದಾಗಿ ಬಿಡಿಸಿಟ್ಟಳು. ಶಾಫ್ಟಿನ ತುಕ್ಕಿನ ಗೆರೆಗಳು ವಸಂತ್‌ನ ಹೆಬ್ಬೆರಳಿಗೆ ತಾಳೆಯಾಗಿದ್ದವು. ರಿಜೆಕ್ಟ್ ಆದ ಮಾಲಿಗೆ ಅವನು ಪಾಸ್ ಸೀಲ್ ಒತ್ತುತ್ತಿದ್ದ. ಶ್ಯಾಮಣ್ಣ ಬರೆದಿಟ್ಟ ದೂರು ಅವರ ಡ್ರಾಯರಿನಲ್ಲೇ ಸಿಕ್ಕಿತ್ತು. ಅದು ಮಾಲೀಕರ ಕೈಸೇರುವ ಮುನ್ನ ಶ್ಯಾಮಣ್ಣನವರನ್ನು ಮುಗಿಸಿದ್ದ.

"ನಾನೇ ಒರೆಸಿದ್ದೆ," ಎಂದ ವಸಂತ್, ತನಗೆ ತಾನೇ ಹೇಳಿಕೊಳ್ಳುವಂತೆ.

"ಒರೆಸಿದ್ದಕ್ಕs ಸಿಕ್ಕಿರಿ ಸಾರ್," ಎಂದಳು ಬಸಕ್ಕ. "ಕೈಯಿಂದ ಇಳಿದ ಉಪ್ಪು ಉಳೀತು, ತುಕ್ಕು ತಡಿಯೋ ಎಣ್ಣಿ ಹೋತು. ಮುಂದಿಂದು ಗಾಳಿ, ತೇವ ನೋಡ್ಕೊಂಡ್ವು."

ಹಣಮಂತನ ಕೋಳ ಬಿಚ್ಚಿದರು. ಅಷ್ಟು ದಿನ ತಡೆದುಕೊಂಡಿದ್ದ ಬಸಕ್ಕ ತಮ್ಮನ ಒಣ ಕೈ ಹಿಡಿದು ಜೋರಾಗಿ ಅತ್ತುಬಿಟ್ಟಳು.