ಅಚ್ಚಾಗದ ಪ್ರಶ್ನೆ

"ಮೆಟ್ಟಿಲು ಹತ್ತೂವಾಗ ಮೊಣಕಾಲು ಎಷ್ಟು ನೋಯ್ತಾವ್ರಿ?"

ಲಕ್ಷ್ಮಿಕಾಂತ್ ಹೀಗೆ ಕೇಳಿದ್ದೇ ತಡ, ಭಾಗ್ಯಳ ಸಿಟ್ಟು ನೆತ್ತಿಗೇರಿತು.

"ನಮ್ಮನ್ಯಾಗ ಮೆಟ್ಟಿಲು ಎಲ್ಲೈತ್ರಿ? ಕಣ್ಣು ಅದಾವೋ ಇಲ್ಲೋ?"

ಆದೋನಿಯ ಆಸ್ಪತ್ರೆಯೊಂದು ಮೊಣಕಾಲು ನೋವಿನ ಹೊಸ ಮಾತ್ರೆಯನ್ನು ಪರೀಕ್ಷಿಸಲು ಹೊರಟಿತ್ತು. ಪರೀಕ್ಷೆ ಹೇಗಿರಬೇಕೆಂದು ರೋಗಿಗಳನ್ನೇ ಕೇಳಿ ಬಾ ಎಂದು ಅವನನ್ನು ಎಮ್ಮಿಗನೂರಿನ ನೇಕಾರರ ಓಣಿಗೆ ಕಳಿಸಿದ್ದರು. ಕೇಳಲು ಬಂದವನ ಕೈಯಲ್ಲಿ ಪ್ರಶ್ನೆಗಳು ಆಗಲೇ ಅಚ್ಚಾಗಿದ್ದವು!

"ದಿನಕ್ಕ ಹತ್ತು ಸಲ, ಕಾಲು ಇಳಿಬಿಟ್ಟು ಕೂಡೂ ಈ ಮಗ್ಗದ ಗುಂಡ್ಯಾಗ ಇಳೀತೀನಿ, ಏಳ್ತೀನಿ. ಅದನ್ನ ಕೇಳ್ರಿ. ನಿಮ್ಮ ಮಾತ್ರಿ ನುಂಗಿ ಏಳಾಕ ಬಂದ್ರ ಅದು ಔಷಧ. ಇಲ್ಲಂದ್ರ ಸುಣ್ಣದ ತುಂಡು."

"ಫಾರ್ಮಿನ್ಯಾಗ ಗುಂಡಿ ಇಲ್ಲರಿ."

"ಒಲಿಗೆ ಹಾಕ್ರಿ ನಿಮ್ಮ ಫಾರ್ಮು."

ಅವನು ಮುಂದಿನ ಗುರುವಾರವೂ ಬಂದ. ಅದರ ಮುಂದಿನ ಗುರುವಾರವೂ. ಬೈಸಿಕೊಂಡ, ಬೈಗುಳವನ್ನೂ ಪುಸ್ತಕದಲ್ಲಿ ಬರೆದುಕೊಂಡ. ಕಿವಿಯ ಮೇಲೆ ನರೆ ಬಂದ ಗಂಡಸು, ಬರೆಯುವಾಗ ಮಾತ್ರ ಮಗುವಿನಂತೆ ನಾಲಗೆಯ ತುದಿ ಕಚ್ಚಿಕೊಳ್ಳುತ್ತಿದ್ದ. ಅದನ್ನು ನೋಡಬಾರದೆಂದೇ ಭಾಗ್ಯ ಮಗ್ಗದ ಲಾಳಿಯನ್ನು ಎಳೆಗಳ ನಡುವೆ ಜೋರಾಗಿ ಎಸೆಯುತ್ತಿದ್ದಳು. ಗಂಡ ಸತ್ತು ಹತ್ತು ವರ್ಷ. ಕಾಲು ಸೋತು ಮಗ್ಗ ನಿಂತರೆ ತಮ್ಮನ ಮನೆಯ ಮೂಲೆಯೇ ಗತಿ.

ನಾಲ್ಕನೇ ಗುರುವಾರ ಅವನ ಮುಖ ಬಾಡಿತ್ತು.

"ಡಾಕ್ಟ್ರು ಒಪ್ಪವಲ್ರು. ಗುಂಡಿ ಇಳದು ಏಳೂದು ನೋವಿಗೆ ಎಂಥಾ ಅಳತಿ ಅಂತಾರ. ಸೋಮವಾರ ಮತ್ತ ಮೀಟಿಂಗ್ ಐತಿ."

"ನೀವಾರ ಇಳದು ನೋಡೀರೇನು?"

ಅವನು ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ ಇಳಿದೇಬಿಟ್ಟ. ಏಳಲು ಹೋದರೆ ಆಗಲಿಲ್ಲ. ಮತ್ತೆ ಯತ್ನಿಸಿದ. ಹಣೆ ಬೆವರಿತು.

"ನಿಮಗೂ ಮೊಣಕಾಲು ನೋವೇನ್ರಿ?"

"ನಾಕು ವರ್ಷಾತು."

"ಮತ್ತ ಬಾಯಿ ಬಿಡಲಿಲ್ಲ?"

"ನನ್ನ ಯಾರು ಕೇಳ್ಯಾರ?"

ಭಾಗ್ಯ ಗೊಣಗುತ್ತ ಕೈ ಕೊಟ್ಟು ಎಳೆದಳು. ಅವನು ಮೇಲೆ ಬಂದ ಮೇಲೂ ಅವಳು ಆ ಕೈಯನ್ನು ಒಂದು ಗಳಿಗೆ ಬಿಡಲಿಲ್ಲ.

"ಸೋಮವಾರ ಮೀಟಿಂಗಿಗೆ ನಾನ ಬರ್ತೀನಿ. ನಿಮ್ಮ ಕೈಲೆ ಆಗೂದಿಲ್ಲ."

ಆದೋನಿಯಲ್ಲಿ ಅವಳು ಡಾಕ್ಟರುಗಳನ್ನು ನೆಲದ ಮೇಲೆ ಕೂರಿಸಿ, ಏನನ್ನೂ ಹಿಡಿಯದೆ ಏಳಿರೆಂದಳು. ಇಬ್ಬರು ಮುಗ್ಗರಿಸಿದರು. ತಿಂಗಳೊಳಗೆ ಹೊಸ ಫಾರ್ಮು ಬಂತು. ಮೊದಲ ಪ್ರಶ್ನೆಯೇ ಮಗ್ಗದ ಗುಂಡಿಯದು.

ಭಾಗ್ಯ ಅದನ್ನು ಎರಡು ಸಲ ಓದಿ, ಲಾಳಿ ಕೈಗೆತ್ತಿಕೊಂಡು, ತಂದವನನ್ನು ದುರುಗುಟ್ಟಿ ನೋಡಿದಳು.

"ಕೆಲಸ ಮುಗೀತಲ್ಲ. ಇನ್ನೂ ಯಾಕ ನಿಂತೀರಿ?"

"ಒಂದು ಕೇಳೂದು ಉಳದೈತಿ. ಅದು ಅಚ್ಚಾಗಿಲ್ಲ."

"ಆತು, ಕೇಳ್ರಿ."

"ನನ್ನ ಜೋಡಿ ಬಾಳೇವು ಮಾಡ್ತೀರೇನು?"

ಲಾಳಿ ಅವಳ ಕೈಯಲ್ಲೇ ನಿಂತಿತು.

"ಇದನ್ನ ಕೇಳಾಕ ಇಷ್ಟು ಗುರುವಾರ ಬೇಕಾದ್ವು? ನಾ ಆದೋನಿಗೆ ಬರಂಗಿಲ್ಲ. ಮಗ್ಗ ಇಲ್ಲೇ ಇರ್ತೈತಿ. ನೀವ ಇಲ್ಲಿಗೆ ಬರಬೇಕು. ಬರಕೋರಿ ಇದನ್ನೂ."

ಅವನು ಪುಸ್ತಕ ತೆಗೆದು ಬರೆಯತೊಡಗಿದ. ನಾಲಗೆಯ ತುದಿ ಹಲ್ಲಿನ ನಡುವೆ ಬಂತು. ಈ ಸಲ ಭಾಗ್ಯ ಲಾಳಿ ಎಸೆಯಲಿಲ್ಲ. ನೋಡುತ್ತ ಕುಳಿತಳು.